ಲಂಡನ್ನಿನಲ್ಲಿ ಮ್ಯೂಸಿಕಲ್ ನೋಡುವ ಬಗೆ: ನಾಟಕ, ಸೀಟು, ಹಾಡು

ಮಗಳ ಮನೆಗೆಂದೋ ಕಚೇರಿಯ ಕೆಲಸಕ್ಕೆಂದೋ ಲಂಡನ್ನಿಗೆ ಹೋಗುವ ಕನ್ನಡಿಗರಲ್ಲಿ ಅನೇಕರು ಒಂದು ಸಂಜೆಯನ್ನಾದರೂ ಅಲ್ಲಿನ ರಂಗಮಂದಿರಗಳ ಪ್ರದೇಶವಾದ ವೆಸ್ಟ್ ಎಂಡ್‌ನ ಹಾಡು-ಕುಣಿತದ ನಾಟಕಕ್ಕಾಗಿ, ಎಂದರೆ ಮ್ಯೂಸಿಕಲ್‌ಗಾಗಿ ಎತ್ತಿಡುತ್ತಾರೆ. ಲೆಸ್ಟರ್ ಸ್ಕ್ವೇರ್, ಶಾಫ್ಟ್ಸ್‌ಬರಿ ಅವೆನ್ಯೂ, ಕೋವೆಂಟ್ ಗಾರ್ಡನ್, ಸ್ಟ್ರ್ಯಾಂಡ್‌ಗಳ ಆಸುಪಾಸಿನಲ್ಲಿ, ಕಾಲ್ನಡಿಗೆಯಲ್ಲೇ ಸುತ್ತಿ ಮುಗಿಸಬಹುದಾದಷ್ಟು ಜಾಗದಲ್ಲಿ ಹತ್ತಾರು ರಂಗಮಂದಿರಗಳಿರುವುದರಿಂದ ಆಯ್ಕೆಗೆ ಕೊರತೆಯಿಲ್ಲ. ಕೊರತೆಯೇನಿದ್ದರೂ ಆರಿಸುವ ಕ್ರಮದಲ್ಲಿ. ಫೋನಿನಲ್ಲಿ ಟಿಕೆಟ್ ಮಾರುವ ತಾಣವೊಂದನ್ನು ತೆರೆದು, ಹೆಸರು ಕೇಳಿದ್ದ ನಾಟಕಗಳಲ್ಲಿ ಯಾವುದಕ್ಕೆ ಕೈಗೆಟಕುವ ದರದ ಸೀಟು ಉಳಿದಿದೆಯೋ ಅದನ್ನು ಕೊಂಡುಬಿಡುವುದು ಸಾಮಾನ್ಯ ರೂಢಿ. ಇಲ್ಲಿ ಹೇಳಹೊರಟಿರುವ ಕ್ರಮ ಬೇರೆ: ಮೊದಲು ನಾಟಕ, ಆ ನಾಟಕದ ಸ್ವಭಾವಕ್ಕೆ ತಕ್ಕ ಸೀಟು, ಆಮೇಲೆ ದರ. ಒಂದು ನಾಟಕಕ್ಕೆ ಸೊಗಸಾಗಿ ಹೊಂದುವ ಜಾಗ ಇನ್ನೊಂದಕ್ಕೆ ದುಡ್ಡು ದಂಡವಾಗಬಹುದಾದ್ದರಿಂದ, ಒಳ್ಳೆಯ ಸೀಟು ಯಾವುದೆಂಬ ಪ್ರಶ್ನೆಗೆ ನಾಟಕದ ಹೆಸರು ತಿಳಿಯದೆ ಉತ್ತರ ಹೇಳಲಾಗದು.

ನಾಟಕ

ಮ್ಯೂಸಿಕಲ್ ಎಂಬ ಒಂದೇ ಹೆಸರಿನಡಿ ಹಲವು ಜಾತಿಯ ನಾಟಕಗಳಿವೆ. ಮಾತಿನ ನಡುನಡುವೆ ಹಾಡು ಬರುವುದು ಒಂದು ಬಗೆ. ಕಂಪನಿ ನಾಟಕಗಳನ್ನು ಕಂಡವರಿಗೆ, ಬಿ.ವಿ. ಕಾರಂತರ ರಂಗಗೀತೆಗಳನ್ನು ಕೇಳಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ. ಬರಿಯ ಮಾತು ಇಲ್ಲವೆನ್ನುವಷ್ಟು ಪೂರ್ತಿಯಾಗಿ ಹಾಡಿನಲ್ಲೇ ಸಾಗುವುದು ಎರಡನೆಯ ಬಗೆ. ಲೆ ಮಿಸೆರಾಬ್ಲ್ ಇದರ ಪ್ರಸಿದ್ಧ ಉದಾಹರಣೆ. ಮೊದಲೇ ಜನಪ್ರಿಯವಾಗಿದ್ದ ಹಾಡುಗಳನ್ನು ಪೋಣಿಸಿ ಅವುಗಳ ಸುತ್ತ ಕತೆ ಹೆಣೆದದ್ದು ಮೂರನೆಯದು; ಸ್ವೀಡನ್ನಿನ ಆಬಾ ತಂಡದ ಹಾಡುಗಳಿಂದ ಕಟ್ಟಿ 1999ರಲ್ಲಿ ಲಂಡನ್ನಿನಲ್ಲಿ ತೆರೆಕಂಡ ಮಮ್ಮಾ ಮಿಯಾ ಈ ಗುಂಪಿಗೆ ಸೇರುತ್ತದೆ. ಗ್ರೀಸಿನ ದ್ವೀಪವೊಂದರಲ್ಲಿ ನಡೆಯುವ ಮದುವೆಯ ಹಗುರ ಕತೆ ಅದು. ಒಂದೆರಡು ಮಾತು ತಪ್ಪಿಹೋದರೂ ಸಂಜೆ ಕೆಡುವುದಿಲ್ಲ.

ಆಯ್ಕೆಯ ಮೊದಲ ಪ್ರಶ್ನೆ ಭಾಷೆಗೆ ಸಂಬಂಧಿಸಿದ್ದಾಗಬೇಕು. ಇಂಗ್ಲಿಷನ್ನು ಸರಾಗವಾಗಿ ಓದಿ ಮಾತಾಡುವವರಿಗೂ ವಾದ್ಯಗಳ ಸದ್ದಿನ ನಡುವೆ ಹಾಡಿದ ಇಂಗ್ಲಿಷ್ ಪೂರ್ತಿ ಕಿವಿಗೆ ಬೀಳುವುದಿಲ್ಲ. ಲಿನ್-ಮ್ಯಾನ್ಯುಯೆಲ್ ಮಿರಾಂಡಾ ಅವರ ಹ್ಯಾಮಿಲ್ಟನ್ ಇದರಲ್ಲಿ ಎಲ್ಲಕ್ಕಿಂತ ಕಠಿಣ. ಅಮೆರಿಕದ ಮೊದಲ ಖಜಾನೆ ಕಾರ್ಯದರ್ಶಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಜೀವನವನ್ನು ಅದು ರ್‍ಯಾಪ್ ಧಾಟಿಯಲ್ಲಿ, ಉಸಿರು ಬಿಡಲು ಬಿಡುವಿಲ್ಲದ ವೇಗದಲ್ಲಿ ಹೇಳುತ್ತದೆ. ಸಾಹಿತ್ಯವನ್ನು ಮುಂಚಿತವಾಗಿ ಓದಿಕೊಳ್ಳಲು ಪುರುಸೊತ್ತು ಇಲ್ಲದಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಲೇಸು. ಇದಕ್ಕೊಂದು ಪರಿಹಾರವೂ ಇದೆ, ನಮ್ಮವರಲ್ಲಿ ಹೆಚ್ಚಿನವರಿಗೆ ಅದರ ಸುಳಿವು ಇರುವುದಿಲ್ಲ. ಕಿವಿ ಮಂದವಾದವರಿಗೆ ಅನುಕೂಲವಾಗಲೆಂದು ಹಲವು ನಾಟಕಗಳು ಆಗಾಗ ಒಂದು ಪ್ರದರ್ಶನದಲ್ಲಿ ರಂಗದ ಪಕ್ಕದ ಪರದೆಯ ಮೇಲೆ ಮಾತು ಮತ್ತು ಹಾಡುಗಳ ಪೂರ್ಣ ಪಠ್ಯವನ್ನು ತೋರಿಸುತ್ತವೆ. ಇವನ್ನು ಕ್ಯಾಪ್ಷನ್ ಪ್ರದರ್ಶನ ಎನ್ನುತ್ತಾರೆ, ದಿನಾಂಕಗಳು ರಂಗಮಂದಿರದ ತಾಣದಲ್ಲಿ ಮುಂಚಿತವಾಗಿಯೇ ಸಿಗುತ್ತವೆ. ಊರಿಂದ ಬಂದ ತಂದೆತಾಯಿಯನ್ನು ಕರೆದೊಯ್ಯುವವರು ಆ ದಿನವನ್ನೇ ಹಿಡಿದರೆ, ನಾಟಕದ ನಡುವೆ ಪಿಸುಗುಟ್ಟಿ ಅರ್ಥ ಹೇಳಿ ಅಕ್ಕಪಕ್ಕದವರ ಕೋಪಕ್ಕೆ ಗುರಿಯಾಗುವ ಕಷ್ಟ ತಪ್ಪುತ್ತದೆ.

ಮೊದಲ ಸಲ ನೋಡುವವರಿಗೆ ಒಂದೇ ನಾಟಕ ಹೇಳಿ ಎಂದರೆ ನಾನು ಹೇಳುವುದು ಲೆ ಮಿಸೆರಾಬ್ಲ್. ಆದರೆ ಕತೆಯನ್ನು ಓದಿಕೊಂಡು ಹೋಗಬೇಕೆಂಬ ಷರತ್ತು ಇದೆ. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಬೃಹತ್ ಕಾದಂಬರಿಯನ್ನು ಮೂರು ಗಂಟೆಯೊಳಗೆ ಅಡಗಿಸಿದ ನಾಟಕವಾದ್ದರಿಂದ ವರ್ಷಗಳು ಕಣ್ಣೆದುರೇ ಓಡಿಹೋಗುತ್ತವೆ: ರೊಟ್ಟಿ ಕದ್ದು ಸೆರೆಗೆ ಹೋದ ಜಾನ್ ವಾಲ್‌ಜಾನ್ ಬಿಡುಗಡೆಯಾಗಿ ಸ್ವಲ್ಪ ಹೊತ್ತಿನಲ್ಲೇ ಊರಿನ ಮೇಯರ್ ಆಗಿರುತ್ತಾನೆ, ಇನ್ನಷ್ಟು ಹೊತ್ತಿಗೆ ಅವನು ಸಾಕಿದ ಪುಟ್ಟ ಕೊಸೆಟ್ ಬೆಳೆದು ನಿಂತಿರುತ್ತಾಳೆ. ಎರಡನೆಯ ಅಂಕದ ಹೋರಾಟವನ್ನು 1789ರ ಫ್ರೆಂಚ್ ಕ್ರಾಂತಿಯೆಂದೇ ತಿಳಿದು ನೋಡುವವರು ಬಹಳ. ಅದು 1832ರ ಜೂನ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ನಡೆದು ಎರಡೇ ದಿನದಲ್ಲಿ ಹತ್ತಿಕ್ಕಲ್ಪಟ್ಟ ಬಂಡಾಯ. ಇಷ್ಟು ಗೊತ್ತಿದ್ದರೆ ಆ ವಿದ್ಯಾರ್ಥಿಗಳ ಹಾಡುಗಳನ್ನು ಕೇಳುವ ರೀತಿಯೇ ಬೇರೆಯಾಗುತ್ತದೆ, ಏಕೆಂದರೆ ಗೆಲ್ಲುವವರ ಹುರುಪಿನ ಹಿಂದೆ ಸೋಲು ಕಾದು ನಿಂತಿರುವುದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತದೆ.

ಚಿಕ್ಕ ಮಕ್ಕಳಿದ್ದರೆ ಲಯನ್ ಕಿಂಗ್ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಶಾಲೆಗೆ ಹೋಗುವ, ಇಂಗ್ಲಿಷ್ ತಮಾಷೆ ಅರ್ಥವಾಗುವ ಮಕ್ಕಳಿಗೆ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಮಟಿಲ್ಡಾ ಅದಕ್ಕಿಂತ ಚೆನ್ನ. ವಿಕೆಡ್ ನಾಟಕವನ್ನು 2024ರಲ್ಲಿ ಬಂದ ಚಲನಚಿತ್ರದ ಮೂಲಕ ಅರಿತವರು ಒಂದು ಸಂಗತಿಯನ್ನು ನೆನಪಿಡಬೇಕು: ಆ ಚಿತ್ರದಲ್ಲಿರುವುದು ನಾಟಕದ ಮೊದಲ ಅಂಕ ಮಾತ್ರ, ರಂಗದ ಮೇಲೆ ಅದು ಚಿತ್ರಕ್ಕಿಂತ ಎಷ್ಟೋ ಚುರುಕಾಗಿ ಸಾಗುತ್ತದೆ. ಎಷ್ಟು ಸಣ್ಣ ಮಕ್ಕಳನ್ನು ಒಳಗೆ ಬಿಡುತ್ತಾರೆ ಎಂಬ ನಿಯಮ ನಾಟಕದಿಂದ ನಾಟಕಕ್ಕೆ ಬೇರೆಯಾದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ನಾಟಕದ ಜೊತೆಗೆ ದಿನ ಮತ್ತು ಹೊತ್ತನ್ನೂ ಆರಿಸಬೇಕು. ಹೆಚ್ಚಿನ ನಾಟಕಗಳು ವಾರಕ್ಕೆ ಎಂಟು ಪ್ರದರ್ಶನ ಕೊಡುತ್ತವೆ: ಸಂಜೆಯದು ಸಾಮಾನ್ಯವಾಗಿ ಏಳೂವರೆಗೆ, ಮಧ್ಯಾಹ್ನದ ಮ್ಯಾಟಿನಿ ಎರಡೂವರೆಯ ಆಸುಪಾಸಿಗೆ. ಬೆಂಗಳೂರಿನಿಂದ ಇಳಿದು ಎರಡು ದಿನವೂ ಆಗಿರದವರಿಗೆ ಸಂಜೆಯ ಪ್ರದರ್ಶನ ತಕ್ಕುದಲ್ಲ. ಲಂಡನ್ನಿನ ಏಳೂವರೆ ಎಂದರೆ ಬೇಸಿಗೆಯಲ್ಲಿ ನಮ್ಮ ನಡುರಾತ್ರಿ ಹನ್ನೆರಡು, ಚಳಿಗಾಲದಲ್ಲಿ ಒಂದು ಗಂಟೆ. ಎರಡನೆಯ ಅಂಕ ಆರಂಭವಾಗುವ ಹೊತ್ತಿಗೆ ದೇಹಕ್ಕೆ ಬೆಳಗಿನ ಜಾವ ಸಮೀಪಿಸಿರುತ್ತದೆ. ಇಷ್ಟು ದುಡ್ಡು ಕೊಟ್ಟು ಕುರ್ಚಿಯಲ್ಲಿ ತೂಕಡಿಸುವುದಕ್ಕಿಂತ ಮ್ಯಾಟಿನಿಗೆ ಹೋಗುವುದು ಮೇಲು.

ಸೀಟು

ವೆಸ್ಟ್ ಎಂಡ್ ರಂಗಮಂದಿರಗಳಲ್ಲಿ ಬಹುಪಾಲು ವಿಕ್ಟೋರಿಯಾ ರಾಣಿಯ ಕಾಲದ ಕೊನೆಗೂ ಅದರ ಮುಂದಿನ ಒಂದೆರಡು ದಶಕಗಳಿಗೂ ಸೇರಿದ ಕಟ್ಟಡಗಳು. ಫ್ಯಾಂಟಮ್ ಆಫ್ ದಿ ಆಪೆರಾ ನಡೆಯುವ ಹಿಸ್ ಮೆಜೆಸ್ಟೀಸ್ 1897ರದ್ದು. ಲೆ ಮಿಸೆರಾಬ್ಲ್ ನಡೆಯುವ, ಈಗ ಸೊಂಡ್‌ಹೈಮ್ ಎಂದು ಹೆಸರು ಬದಲಾಗಿರುವ ರಂಗಮಂದಿರ 1907ರದ್ದು. ಕಿರಿದಾದ ನಿವೇಶನದಲ್ಲಿ ಆದಷ್ಟು ಹೆಚ್ಚು ಜನರನ್ನು ತುಂಬಲು, ಒಂದರ ಮೇಲೊಂದು ಅಂತಸ್ತು ಚಾಚಿಕೊಂಡಿರುವಂತೆ ಅವುಗಳನ್ನು ಕಟ್ಟಿದ್ದಾರೆ. ನೆಲದಂತಸ್ತಿಗೆ ಸ್ಟಾಲ್ಸ್ ಎಂದು ಹೆಸರು. ಅದರ ಮೇಲಿನದು ಡ್ರೆಸ್ ಸರ್ಕಲ್ ಅಥವಾ ರಾಯಲ್ ಸರ್ಕಲ್, ಅದರ ಮೇಲಿನದು ಅಪ್ಪರ್ ಅಥವಾ ಗ್ರ್ಯಾಂಡ್ ಸರ್ಕಲ್, ನಾಲ್ಕನೆಯದಿದ್ದರೆ ಬಾಲ್ಕನಿ. ಹೆಸರು ಕೇಳಿ ಮೋಸಹೋಗಬಾರದು: ನಮ್ಮ ಚಿತ್ರಮಂದಿರಗಳಲ್ಲಿ ಬಾಲ್ಕನಿಯೆಂದರೆ ದುಬಾರಿ ದರ್ಜೆ, ಅಲ್ಲಿ ಅದು ಚಾವಣಿಯ ಕೆಳಗಿನ ಎಲ್ಲಕ್ಕಿಂತ ಅಗ್ಗದ ಜಾಗ; ಗ್ರ್ಯಾಂಡ್ ಎಂಬ ಪದ ಕಂಡು ಕೊಂಡವರಿಗೆ ಸಿಗುವುದು ಮೂರನೆಯ ಅಂತಸ್ತು.

ಈ ಕಟ್ಟಡಗಳ ರಚನೆಯಿಂದಲೇ ಮೂರು ತೊಂದರೆಗಳು ಹುಟ್ಟುತ್ತವೆ. ಸ್ಟಾಲ್ಸ್‌ನ ಹಿಂದಿನ ಸಾಲುಗಳ ಮೇಲೆ ಸರ್ಕಲ್ ಚಾಚಿಕೊಂಡಿರುವುದರಿಂದ, ಅಲ್ಲಿ ಕೂತವರಿಗೆ ರಂಗದ ಮೇಲ್ಭಾಗ ಕತ್ತರಿಸಿದಂತೆ ಕಾಣುತ್ತದೆ. ಸರ್ಕಲ್‌ಗಳ ಮುಂದಿನ ಸಾಲುಗಳಲ್ಲಿ, ಯಾರೂ ಉರುಳಿ ಬೀಳದಿರಲೆಂದು ಹಾಕಿರುವ ಕಬ್ಬಿಣದ ಸರಳು ಕೆಲವೊಮ್ಮೆ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಮುಂದಿನ ಸಾಲೆಂದು ಹೆಚ್ಚು ಕೊಟ್ಟವರು ಮೂರು ಗಂಟೆ ಆ ಸರಳಿನ ಮೇಲೊಮ್ಮೆ ಕೆಳಗೊಮ್ಮೆ ಇಣುಕಬೇಕಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಮೇಲಿನ ಅಂತಸ್ತನ್ನು ಹೊರುವ ಕಂಬಗಳು ಮೂರನೆಯ ತೊಂದರೆ. ಇಂಥ ಸೀಟುಗಳನ್ನು ಮಾರುವಾಗ ನೋಟಕ್ಕೆ ಅಡ್ಡಿಯಿದೆ ಎಂದು ನಮೂದಿಸುತ್ತಾರೆ, ದರವನ್ನೂ ಇಳಿಸಿರುತ್ತಾರೆ. ಅಡ್ಡಿಯೆಂದ ಮಾತ್ರಕ್ಕೆ ಬಿಟ್ಟುಬಿಡಬೇಕಿಲ್ಲ; ಅಡ್ಡಿ ಯಾವುದಕ್ಕೆ ಎಂದು ವಿಚಾರಿಸಿ, ಆ ನಾಟಕದಲ್ಲಿ ಆ ಭಾಗದಲ್ಲಿ ಏನೂ ನಡೆಯುವುದಿಲ್ಲವೆಂದಾದರೆ ಅದಕ್ಕಿಂತ ಲಾಭದ ವ್ಯಾಪಾರ ಇನ್ನೊಂದಿಲ್ಲ. ಪ್ರೇಕ್ಷಕರು ತಾವು ಕೂತ ಜಾಗದಿಂದ ತೆಗೆದ ಫೋಟೋಗಳನ್ನು ಸೀಟಿನ ಸಂಖ್ಯೆಯೊಡನೆ ಹಾಕುವ ಸೀಟ್‌ಪ್ಲಾನ್ ಎಂಬ ತಾಣವೊಂದಿದೆ. ಹಣ ಕಟ್ಟುವ ಮುನ್ನ ಅದರಲ್ಲಿ ಒಮ್ಮೆ ಹುಡುಕುವುದು ಕಡ್ಡಾಯವೆಂದೇ ಹೇಳುತ್ತೇನೆ.

ಈಗ ನಾಟಕಕ್ಕೆ ತಕ್ಕ ಸೀಟಿನ ವಿಚಾರ. ಫ್ಯಾಂಟಮ್ ನಾಟಕ ಹರಾಜಿನ ದೃಶ್ಯದಿಂದ ಆರಂಭವಾಗುತ್ತದೆ. ಹಳೆಯ ಆಪೆರಾ ಮಂದಿರದ ಸಾಮಾನುಗಳನ್ನು ಒಂದೊಂದಾಗಿ ಕೂಗುತ್ತಾ ಬಂದು 666ನೆಯ ಸಂಖ್ಯೆಯ ಮುರಿದ ತೂಗುದೀಪದ ಸರದಿ ಬಂದಾಗ, ಅದರ ಮೇಲಿನ ಮುಸುಕು ಸರಿಯುತ್ತದೆ, ಆರ್ಗನ್ನಿನ ಸ್ವರಗಳು ಮೆಟ್ಟಿಲಿಳಿದಂತೆ ಅಪ್ಪಳಿಸುತ್ತವೆ, ದೀಪ ಬೆಳಗುತ್ತಾ ಪ್ರೇಕ್ಷಕರ ತಲೆಯ ಮೇಲಕ್ಕೆ ಏರುತ್ತದೆ. ಮೊದಲ ಅಂಕದ ಕೊನೆಯಲ್ಲಿ ಅದೇ ದೀಪ ಕೆಳಗೆ ಬೀಳುತ್ತದೆ. ಸ್ಟಾಲ್ಸ್‌ನ ಹಿಂಭಾಗದಲ್ಲಿ ಸರ್ಕಲ್ಲಿನ ಅಡಿಗೆ ಕೂತವರಿಗೆ ದೀಪ ಮೇಲೇರುತ್ತಲೇ ಕಣ್ಮರೆಯಾಗುತ್ತದೆ. ಆ ಸಾಲುಗಳ ದರವೇನೂ ಕಡಿಮೆಯಿರುವುದಿಲ್ಲ. ಈ ನಾಟಕಕ್ಕೆ ಸ್ಟಾಲ್ಸ್‌ನ ಮುಂದಿನ ಅರ್ಧ, ಅದು ದುಬಾರಿಯಾದರೆ ರಾಯಲ್ ಸರ್ಕಲ್ಲಿನ ಮುಂದಿನ ಸಾಲುಗಳು. ಹಿಂದಿನ ಸ್ಟಾಲ್ಸ್‌ಗಿಂತ ಗ್ರ್ಯಾಂಡ್ ಸರ್ಕಲ್ಲಿನ ನಡುಭಾಗವೇ ನನ್ನ ಮಟ್ಟಿಗೆ ವಾಸಿ.

ಲೈಸಿಯಂ ರಂಗಮಂದಿರದಲ್ಲಿ 1999ರಿಂದ ನಡೆಯುತ್ತಿರುವ ಲಯನ್ ಕಿಂಗ್‌ಗೆ ಲೆಕ್ಕ ಬೇರೆ. ಅದರ ಮೊದಲ ಹಾಡಿನಲ್ಲಿ ಪ್ರಾಣಿಗಳ ಮೆರವಣಿಗೆ ಸ್ಟಾಲ್ಸ್‌ನ ಹಾದಿಗಳಲ್ಲೇ ನಡೆದು ರಂಗವನ್ನೇರುತ್ತದೆ. ಒಳಗಿನ ಕಲಾವಿದರ ಕಾಲುಗಳು ಕಾಣುವಂತೆಯೇ ಕಟ್ಟಿದ ಆನೆ ಪಕ್ಕದಲ್ಲಿ ಹಾದುಹೋಗುವಾಗ ಮಕ್ಕಳ ಮುಖ ನೋಡಬೇಕು. ಆದ್ದರಿಂದ ಇಲ್ಲಿ ನಡುವಿನ ಸೀಟಿಗಿಂತ ಹಾದಿಯಂಚಿನ ಸೀಟಿಗೆ ಬೆಲೆ, ಮೇಲಿನ ಅಂತಸ್ತಿನಲ್ಲಿ ಕೂತರೆ ಈ ಸುಖದ ಬಹುಭಾಗ ಕೈತಪ್ಪುತ್ತದೆ. ಮಟಿಲ್ಡಾದಲ್ಲಿ ಮಕ್ಕಳು ಉಯ್ಯಾಲೆಗಳ ಮೇಲೆ ಹಾಡುತ್ತಾ ಮುಂದಿನ ಸಾಲುಗಳ ಪ್ರೇಕ್ಷಕರ ತಲೆಯ ಮೇಲೆ ಜೀಕುವ ದೃಶ್ಯವೊಂದಿದೆ. ಅದಕ್ಕೂ ಸ್ಟಾಲ್ಸ್ ಸರಿ. ವಿಕೆಡ್ ನಡೆಯುವ ಅಪೊಲೊ ವಿಕ್ಟೋರಿಯಾ 1930ರಲ್ಲಿ ಚಿತ್ರಮಂದಿರವಾಗಿ ಕಟ್ಟಿದ್ದು, ಎರಡೇ ಅಂತಸ್ತಿನ ವಿಶಾಲ ಸಭಾಂಗಣ. ಎ.ಆರ್. ರೆಹಮಾನ್ ಸಂಗೀತದ ಬಾಂಬೆ ಡ್ರೀಮ್ಸ್ 2002ರಲ್ಲಿ ತೆರೆಕಂಡದ್ದೂ ಇಲ್ಲಿಯೇ. ಹಿಂದಿನ ಸಾಲುಗಳು ರಂಗದಿಂದ ಬಹಳ ದೂರವಿರುವುದರಿಂದ ಇಲ್ಲಿ ಅಗ್ಗದ ಸೀಟು ನಿಜಕ್ಕೂ ಅಗ್ಗದ ಅನುಭವವಾಗಬಹುದು.

ಹ್ಯಾಮಿಲ್ಟನ್‌ನಲ್ಲಿ ಬದಲಾಗುವ ದೃಶ್ಯಾವಳಿ ಇಲ್ಲ. ಒಂದೇ ಮರದ ಕಟ್ಟಡ, ತಿರುಗುವ ನೆಲ, ಅದರ ಮೇಲೆ ಎಡೆಬಿಡದೆ ಚಲಿಸುವ ನರ್ತಕರು. ಆ ಚಲನೆಯ ವಿನ್ಯಾಸ ಮೇಲಿನಿಂದ ನೋಡಿದಾಗಲೇ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಇದಕ್ಕೆ ಸರ್ಕಲ್ ಉತ್ತಮ. ಲೆ ಮಿಸೆರಾಬ್ಲ್ ಎರಡನ್ನೂ ಬೇಡುತ್ತದೆ: ಮುಖಗಳು ಹತ್ತಿರ ಬೇಕು, ಬಂಡಾಯಗಾರರು ಬೀದಿಗೆ ಹಾಕುವ ಅಡ್ಡಗಟ್ಟೆಯ ದೃಶ್ಯ ಇಡಿಯಾಗಿ ಬೇಕು. ಸ್ಟಾಲ್ಸ್‌ನ ಏಳೆಂಟನೆಯ ಸಾಲಿನ ಆಸುಪಾಸು, ಇಲ್ಲವೇ ಡ್ರೆಸ್ ಸರ್ಕಲ್ಲಿನ ಮೊದಲ ಎರಡು ಮೂರು ಸಾಲುಗಳು ಇದಕ್ಕೆ ಹದವಾಗಿರುತ್ತವೆ. ಎಲ್ಲ ನಾಟಕಕ್ಕೂ ಮೊದಲ ಸಾಲೇ ಶ್ರೇಷ್ಠವೆಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ರಂಗ ಎತ್ತರದಲ್ಲಿರುವುದರಿಂದ ಕುಣಿಯುವವರ ಪಾದಗಳು ಕಾಣದೆ ಹೋಗುತ್ತವೆ, ಕತ್ತು ನೋಯುತ್ತದೆ. ಕೆಲವು ನಾಟಕಗಳು ಮೊದಲ ಸಾಲನ್ನು ಅದೇ ದಿನದ ಅಗ್ಗದ ಟಿಕೆಟ್ಟಾಗಿ ಮಾರುವುದಕ್ಕೆ ಇದೂ ಒಂದು ಕಾರಣ. ಸಾಲಿನ ಅಕ್ಷರವನ್ನೂ ನಂಬುವಂತಿಲ್ಲ: ವಾದ್ಯಗಾರರ ಕುಳಿಗಾಗಿ ಮುಂದಿನ ಸಾಲುಗಳನ್ನು ತೆಗೆದಿದ್ದರೆ ಬಿ ಅಥವಾ ಸಿ ಸಾಲೇ ಮೊದಲನೆಯದಾಗಿರುತ್ತದೆ, ಹೆಚ್ಚುವರಿ ಸಾಲು ಸೇರಿಸಿದ್ದರೆ ಎ ಸಾಲಿನ ಮುಂದೆ ಎಎ ಎಂಬುದೂ ಇರಬಹುದು.

ಹಿರಿಯರೊಡನೆ ಹೋಗುವವರು ನೋಟಕ್ಕಿಂತ ಮೆಟ್ಟಿಲುಗಳ ಬಗ್ಗೆ ಮೊದಲು ಯೋಚಿಸಬೇಕು. ಹಲವು ರಂಗಮಂದಿರಗಳಲ್ಲಿ ಸ್ಟಾಲ್ಸ್ ರಸ್ತೆಯ ಮಟ್ಟಕ್ಕಿಂತ ಕೆಳಗಿದ್ದು ಅಲ್ಲಿಗೆ ಇಳಿಯಬೇಕಾಗುತ್ತದೆ, ಡ್ರೆಸ್ ಸರ್ಕಲ್ಲೇ ರಸ್ತೆಗೆ ಸಮೀಪವಾಗಿರುತ್ತದೆ. ಮೇಲಿನ ಅಂತಸ್ತುಗಳಿಗೆ ಕಡಿದಾದ ಮೆಟ್ಟಿಲು ಹತ್ತಬೇಕು, ಲಿಫ್ಟ್ ಇರುವುದು ಅಪರೂಪ. ಒಳಗೆ ಸೇರಿದ ಮೇಲೂ ಅಪ್ಪರ್ ಸರ್ಕಲ್ಲಿನ ಇಳಿಜಾರು ತಲೆಸುತ್ತು ಬರುವವರಿಗೆ ಹಿಡಿಸುವುದಿಲ್ಲ, ಕಾಲು ಚಾಚಲು ಜಾಗವೂ ಇರುವುದಿಲ್ಲ. ಮಂಡಿನೋವಿನವರಿಗೆ ಹಾದಿಯಂಚಿನ ಸೀಟು ಬೇಕೆಂದು ರಂಗಮಂದಿರದ ನೆರವು ವಿಭಾಗಕ್ಕೆ ಮುಂಚಿತವಾಗಿ ಹೇಳಿದರೆ, ಮೆಟ್ಟಿಲುಗಳ ಸಂಖ್ಯೆಯನ್ನೂ ತಿಳಿಸಿ ಸೂಕ್ತ ಸೀಟನ್ನು ಅವರೇ ಸೂಚಿಸುತ್ತಾರೆ.

ಟಿಕೆಟ್

ನಾಟಕವೂ ಅಂತಸ್ತೂ ಗೊತ್ತಾದ ಮೇಲೆ ದರದ ಲೆಕ್ಕ. ಸೀಟುಗಳ ನಕ್ಷೆಯಲ್ಲಿ ದರಗಳು ಪಟ್ಟೆ ಪಟ್ಟೆಯಾಗಿ ಹಂಚಿಕೆಯಾಗಿರುತ್ತವೆ. ದುಬಾರಿ ಪಟ್ಟೆ ಮುಗಿದ ಕೂಡಲೇ ಬರುವ ಸಾಲಿನ ನೋಟ ಅದರ ಮುಂದಿನ ಸಾಲಿನ ನೋಟಕ್ಕಿಂತ ಒಂದು ಗೇಣಿನಷ್ಟು ಹಿಂದೆ, ದರ ಮಾತ್ರ ಗಣನೀಯವಾಗಿ ಕಡಿಮೆ. ಆ ಗಡಿಯನ್ನು ಹುಡುಕಿ ಅದರಾಚೆಯ ಮೊದಲ ಸಾಲನ್ನು ಹಿಡಿಯುವುದು ಜಾಣತನ. ದರ ಬೇಡಿಕೆಗೆ ತಕ್ಕಂತೆ ಏರಿಳಿಯುವುದರಿಂದ ಶನಿವಾರದ ಸಂಜೆಗೂ ವಾರದ ನಡುವಿನ ದಿನಕ್ಕೂ ಒಂದೇ ಕುರ್ಚಿಗೆ ಬಹಳ ವ್ಯತ್ಯಾಸವಿರುತ್ತದೆ. ಒಬ್ಬರೇ ಹೋಗುವವರಿಗೆ ಅನುಕೂಲ ಹೆಚ್ಚು, ಏಕೆಂದರೆ ಜೋಡಿಗಳ ನಡುವೆ ಉಳಿದ ಒಂಟಿ ಸೀಟುಗಳು ಒಳ್ಳೆಯ ಜಾಗದಲ್ಲೂ ಕೊನೆಯವರೆಗೆ ಇರುತ್ತವೆ.

ರಂಗಮಂದಿರದ ಸ್ವಂತ ತಾಣ ಅಥವಾ ಟಿಕೆಟ್ ಕಿಟಕಿಯಲ್ಲಿ ಕೊಳ್ಳುವುದು ಎಲ್ಲಕ್ಕಿಂತ ನಿಶ್ಚಿಂತೆ. ರಿಯಾಯಿತಿ ಬೇಕೆಂದರೆ ಲೆಸ್ಟರ್ ಸ್ಕ್ವೇರ್‌ನಲ್ಲಿರುವ ಟಿಕೆಟಿಎಸ್ (TKTS) ಎಂಬ ಮಳಿಗೆಗೆ ಹೋಗಬೇಕು. ಲಂಡನ್ನಿನ ರಂಗಮಂದಿರಗಳ ಸಂಘವೇ ಅದನ್ನು ನಡೆಸುತ್ತದೆ. ಅದರ ಸುತ್ತಮುತ್ತಲೇ ಅರ್ಧ ಬೆಲೆಯ ಫಲಕ ಹಾಕಿಕೊಂಡ ಬೇರೆ ಅಂಗಡಿಗಳೂ ಇರುವುದರಿಂದ ಚೌಕದ ಉದ್ಯಾನಕ್ಕೆ ಅಂಟಿಕೊಂಡಿರುವುದು ಯಾವುದೆಂದು ನೋಡಿಕೊಂಡು ಸಾಲಿನಲ್ಲಿ ನಿಲ್ಲಬೇಕು. ಅದೇ ದಿನದ ಅಗ್ಗದ ಟಿಕೆಟ್ಟುಗಳನ್ನು ಕೆಲವು ನಾಟಕಗಳು ಬೆಳಿಗ್ಗೆ ಫೋನ್ ಆ್ಯಪ್‌ಗಳಲ್ಲಿ ಬಿಡುತ್ತವೆ, ಇನ್ನು ಕೆಲವು ಲಾಟರಿ ಎತ್ತುತ್ತವೆ. ದಿನ ಬದಲಾದರೂ ಪರವಾಗಿಲ್ಲ ಎನ್ನುವವರಿಗೆ ಮಾತ್ರ ಇವು ಹೊಂದುತ್ತವೆ. ಮಕ್ಕಳೊಡನೆ ಅಲ್ಲಿನ ಬೇಸಿಗೆ ರಜೆಯಲ್ಲಿ ಹೋಗುವವರು ಆಗಸ್ಟಿನ ಕಿಡ್ಸ್ ವೀಕ್ ಯೋಜನೆಯನ್ನು ಗಮನಿಸಬೇಕು: ಹೆಸರಿಗೆ ವಾರವಾದರೂ ತಿಂಗಳಿಡೀ ನಡೆಯುವ ಅದರಲ್ಲಿ, ದುಡ್ಡು ಕೊಟ್ಟ ಒಬ್ಬ ದೊಡ್ಡವರ ಜೊತೆ ಒಂದು ಮಗುವಿಗೆ ಉಚಿತ ಪ್ರವೇಶ ಸಿಗುತ್ತದೆ.

ಇಷ್ಟೆಲ್ಲ ಮಾಡಿ ಹೋದ ದಿನ, ಮುಖ್ಯ ಪಾತ್ರಕ್ಕೆ ಬೇರೊಬ್ಬರು ಇದ್ದಾರೆಂಬ ಸೂಚನೆಯನ್ನು ಪ್ರವೇಶದ್ವಾರದಲ್ಲಿ ಕಂಡರೆ ಬೇಸರಪಡಬೇಕಿಲ್ಲ. ವಾರಕ್ಕೆ ಎಂಟು ಸಲ ಒಂದೇ ಗಂಟಲು ದುಡಿಯಲಾರದೆಂದು ಅಲ್ಲಿ ಬದಲಿ ಕಲಾವಿದರ ವ್ಯವಸ್ಥೆ ಬಹಳ ಬಿಗಿಯಾಗಿದೆ. ಒಬ್ಬರೇ ಹಲವು ಪಾತ್ರಗಳನ್ನು ಕಲಿತು ಯಾವ ಹೊತ್ತಿನಲ್ಲಿ ಕರೆ ಬಂದರೂ ವೇಷ ಹಾಕಲು ಸಿದ್ಧರಿರುತ್ತಾರೆ. ಫ್ಯಾಂಟಮ್‌ನ ನಾಯಕಿ ಕ್ರಿಸ್ಟೀನ್ ಪಾತ್ರದ ಹಾಡುಗಾರಿಕೆ ಎಷ್ಟು ಶ್ರಮದ್ದೆಂದರೆ, ವಾರದ ಕೆಲವು ಪ್ರದರ್ಶನಗಳಿಗೆ ಇನ್ನೊಬ್ಬ ಗಾಯಕಿಯನ್ನು ಮೊದಲೇ ಗೊತ್ತುಮಾಡಿರುವ ಪದ್ಧತಿ ಬೆಳೆದುಬಂದಿದೆ.

ಹಾಡು

ಹೋಗುವ ಮುನ್ನ ಹಾಡುಗಳನ್ನು ಕೇಳಿಕೊಳ್ಳಬೇಕೇ ಬೇಡವೇ ಎಂಬುದರ ಬಗ್ಗೆ ಮ್ಯೂಸಿಕಲ್ ಪ್ರಿಯರಲ್ಲಿ ಎರಡು ಪಂಗಡಗಳಿವೆ. ನನ್ನ ಸಲಹೆ ಇಷ್ಟು: ಹ್ಯಾಮಿಲ್ಟನ್ ಆದರೆ ಪೂರ್ತಿ ಕೇಳಿ, ಸಾಹಿತ್ಯವನ್ನು ಮುಂದಿಟ್ಟುಕೊಂಡೇ ಕೇಳಿ; ಉಳಿದವುಗಳಲ್ಲಿ ಮೊದಲ ಅಂಕದ ಎರಡು ಮೂರು ಹಾಡುಗಳಷ್ಟನ್ನೇ ಕೇಳಿ, ಎರಡನೆಯ ಅಂಕವನ್ನು ಮುಟ್ಟಬೇಡಿ. ಆ ಎರಡು ಮೂರನ್ನು ಆರಿಸುವುದಕ್ಕೂ ಒಂದು ದಾರಿಯಿದೆ. ಹೆಚ್ಚಿನ ಮ್ಯೂಸಿಕಲ್‌ಗಳಲ್ಲಿ ನಾಟಕ ಆರಂಭವಾಗಿ ಸ್ವಲ್ಪ ಹೊತ್ತಿಗೆ, ಮುಖ್ಯ ಪಾತ್ರ ತನಗೆ ಬೇಕಾದದ್ದು ಏನೆಂದು ಹಾಡಿಕೊಳ್ಳುವ ಒಂದು ಹಾಡು ಇರುತ್ತದೆ. ವಿಕೆಡ್‌ನಲ್ಲಿ ಹಸಿರು ಮೈಬಣ್ಣದ ಎಲ್ಫಬಾ ಮಾಂತ್ರಿಕನನ್ನು ಕಾಣುವ ಕನಸನ್ನು ಹಾಡುವುದು ಇಂಥದ್ದು. ಆ ಬಯಕೆಯ ಹಾಡು ಕಿವಿಯಲ್ಲಿದ್ದರೆ ಕತೆಯ ಎಳೆ ಕೈಯಲ್ಲಿದ್ದಂತೆ, ಏಕೆಂದರೆ ಮುಂದೆ ಅದರ ಸ್ವರಗಳೇ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತವೆ.

ಹಾಗೆ ಮರಳಿ ಬರುವ ಧಾಟಿಗಳನ್ನು ಗುರುತಿಸುವುದೇ ಮ್ಯೂಸಿಕಲ್ ಕೇಳುವ ಮುಖ್ಯ ಸುಖವೆಂದು ನನ್ನ ಅಭಿಪ್ರಾಯ. ಇದಕ್ಕೆ ಲೆ ಮಿಸೆರಾಬ್ಲ್‌ಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಕ್ಲೋದ್-ಮಿಶೆಲ್ ಶೋನ್‌ಬರ್ಗ್ ಅವರ ಸಂಗೀತದಲ್ಲಿ ಮೊದಲ ಅಂಕ ಮುಗಿಯುವುದು ಒನ್ ಡೇ ಮೋರ್ ಎಂಬ ಸಮೂಹ ಗಾನದಿಂದ. ಬಂಡಾಯದ ಹಿಂದಿನ ರಾತ್ರಿ ಪ್ರತಿಯೊಂದು ಪಾತ್ರವೂ ತನ್ನ ತನ್ನ ನಾಳೆಯನ್ನು ಎದುರು ನೋಡುತ್ತದೆ. ವಾಲ್‌ಜಾನ್ ಆರಂಭಿಸುವ ಸಾಲು, ಈ ಮೊದಲು ತಾನು ಯಾರೆಂದು ತನ್ನನ್ನೇ ಕೇಳಿಕೊಂಡು ಹಾಡಿದ್ದ ಹಾಡಿನ ಧಾಟಿಯದು. ಬಂಡಾಯದ ವಿದ್ಯಾರ್ಥಿ ಮೇರಿಯಸ್ ಮತ್ತು ಅವನ ಪ್ರೇಯಸಿ ಕೊಸೆಟ್ ಅಗಲಿಕೆಯ ಭಯದಲ್ಲಿ ಹಾಡುವ ಸಾಲುಗಳಿಗೆ ಫಾಂಟೀನಳ ಐ ಡ್ರೀಮ್ಡ್ ಎ ಡ್ರೀಮ್ ಹಾಡಿನ ಧಾಟಿ. ಫಾಂಟೀನ್ ಕೊಸೆಟ್ಟಳ ತಾಯಿ; ಆ ಹುಡುಗಿಗೆ ನೆನಪಿಲ್ಲದ ತಾಯಿಯ ಒಡೆದ ಕನಸು ಅವಳ ಬಾಯಲ್ಲೇ ಹೊಸ ಪ್ರೀತಿಯಾಗಿ ಹೊರಡುತ್ತದೆ. ಅವರ ನಡುವೆ ನುಗ್ಗುವ ಕಳ್ಳ ಥೆನಾರ್ಡಿಯೆ ದಂಪತಿ ತಮ್ಮ ಛತ್ರದ ಹಾಡಿನ ಧಾಟಿಯಲ್ಲೇ ಹೆಣಗಳ ಜೇಬಿನ ಲೆಕ್ಕ ಹಾಕುತ್ತಾರೆ. ಕಡೆಗೆ ಇವೆಲ್ಲ ಒಂದರ ಮೇಲೊಂದು ಹರಿದು ಒಂದೇ ಹಾಡಾಗುತ್ತವೆ. ಈ ಮೂರು ಹಾಡುಗಳನ್ನು ಮನೆಯಲ್ಲಿ ಒಂದೊಂದಾಗಿ ಕೇಳಿಕೊಂಡು ಹೋದವರಿಗೆ ಆ ನಾಲ್ಕು ನಿಮಿಷಗಳಲ್ಲಿ ಕಾಣುವಷ್ಟು, ಹಾಗೇ ಹೋದವರಿಗೆ ಕಾಣುವುದಿಲ್ಲ.

ಇನ್ನೊಂದು ಹೆಣಿಗೆ ಇದಕ್ಕಿಂತ ಸೂಕ್ಷ್ಮ. ಫಾಂಟೀನ್ ಸಾಯುವಾಗ ಹಾಡುವ ಧಾಟಿ, ಎರಡನೆಯ ಅಂಕದಲ್ಲಿ, ಮೇರಿಯಸ್‌ನನ್ನು ಗುಟ್ಟಾಗಿ ಪ್ರೀತಿಸುವ ಎಪೊನೀನ್ ಒಂಟಿಯಾಗಿ ಹಾಡುವ ಆನ್ ಮೈ ಓನ್ ಹಾಡಿನ ಧಾಟಿಯೂ ಹೌದು. ನಾಟಕದ ಕೊನೆಗೆ ವಾಲ್‌ಜಾನನನ್ನು ಕರೆದೊಯ್ಯಲು ಇವರಿಬ್ಬರೂ ಬರುವಾಗ ಕೇಳುವುದೂ ಅದೇ ಧಾಟಿ. ಫಿಲಿಪೀನ್ಸ್‌ನ ಗಾಯಕಿ ಲಿಯಾ ಸಲೋಂಗಾ 1995ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ, ಈ ನಾಟಕದ ಹತ್ತನೆಯ ವರ್ಷದ ಸಂಗೀತ ಕಛೇರಿಯಲ್ಲಿ ಎಪೊನೀನ್ ಆಗಿಯೂ, 2010ರಲ್ಲಿ ನಡೆದ ಇಪ್ಪತ್ತೈದನೆಯ ವರ್ಷದ ಕಛೇರಿಯಲ್ಲಿ ಫಾಂಟೀನ್ ಆಗಿಯೂ ಹಾಡಿದ್ದಾರೆ. ಎರಡೂ ಧ್ವನಿಮುದ್ರಣಗಳು ಸಿಗುತ್ತವೆ. ಒಂದೇ ಧಾಟಿಯನ್ನು ಒಬ್ಬರೇ ಎರಡು ವಯಸ್ಸಿನಲ್ಲಿ, ಎರಡು ಪಾತ್ರಗಳ ಬಾಯಲ್ಲಿ ಹಾಡಿದ್ದನ್ನು ಅಕ್ಕಪಕ್ಕ ಇಟ್ಟು ಕೇಳುವುದು, ನಾಟಕ ನೋಡಿ ಬಂದ ಮೇಲೆ ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲೊಂದು.

ಫ್ಯಾಂಟಮ್‌ನಲ್ಲೂ ಇಂಥದ್ದೇ ಒಂದು ಕುಶಲತೆ ಇದೆ. ಮಾಳಿಗೆಯ ಮೇಲೆ ಪ್ರೇಮಿಗಳಾದ ರೌಲ್ ಮತ್ತು ಕ್ರಿಸ್ಟೀನ್ ಹಾಡುವ ಆಲ್ ಐ ಆಸ್ಕ್ ಆಫ್ ಯು ಬಿಡಿಯಾಗಿ ಕೇಳಿದರೆ ಸರಳ ಪ್ರೇಮಗೀತೆ. ಅವರು ಹೋದ ಕೂಡಲೇ ಮರೆಯಲ್ಲಿದ್ದು ಕೇಳಿಸಿಕೊಂಡ, ಕ್ರಿಸ್ಟೀನಳನ್ನು ತಾನೂ ಬಯಸುವ ಫ್ಯಾಂಟಮ್ ಅದೇ ಧಾಟಿಯನ್ನು ನೋವಿನಿಂದ ಎತ್ತಿಕೊಳ್ಳುತ್ತಾನೆ, ಅದರ ಬೆನ್ನಿಗೇ ತೂಗುದೀಪ ಬೀಳುತ್ತದೆ. ಎರಡನೆಯ ಅಂಕದಲ್ಲಿ ತನ್ನದಲ್ಲದ ಆ ಹಾಡಿನಿಂದಲೇ ಅವನು ಪ್ರೇಮ ಬೇಡುತ್ತಾನೆ. ಮೆಚ್ಚಿನ ಹಾಡುಗಳ ಪಟ್ಟಿ ಮಾಡಿಕೊಳ್ಳುವವರು ಬಿಡಿಯಾಗಿ ಹಾಡಲು ಸೊಗಸಾದವುಗಳನ್ನೇ ಹೆಕ್ಕುವ ಬದಲು, ನಾಟಕದಿಂದ ಕಿತ್ತರೆ ಅರ್ಧ ಅರ್ಥ ಕಳೆದುಕೊಳ್ಳುವ ಇಂಥ ಹಾಡುಗಳ ಕಡೆಗೂ ಕಿವಿಗೊಡಬೇಕು. ಸ್ಪರ್ಧೆಗಳ ವೇದಿಕೆಯಲ್ಲಿ ಅವು ಗೆಲ್ಲಲಾರವು, ರಂಗದ ಮೇಲೆ ಅವುಗಳದ್ದೇ ಗೆಲುವು.

ಹಾಡು ಎಷ್ಟೇ ಹಿಡಿಸಿದರೂ ಒನ್ಸ್ ಮೋರ್ ಎಂದು ಕೂಗುವ ನಮ್ಮ ಕಂಪನಿ ನಾಟಕಗಳ ಪದ್ಧತಿ ಅಲ್ಲಿಲ್ಲ, ಜೊತೆಗೆ ಗುನುಗುವುದನ್ನೂ ಸಹಿಸುವುದಿಲ್ಲ. ಹಾಡು ಮುಗಿದಾಗ ಜೋರಾಗಿ ಚಪ್ಪಾಳೆ ತಟ್ಟಬಹುದು. ತಡವಾಗಿ ಬಂದವರನ್ನು ರಂಗಶಂಕರದಂತೆ ಹೊರಗೇ ಉಳಿಸದಿದ್ದರೂ, ನಾಟಕದಲ್ಲಿ ತಕ್ಕ ಬಿಡುವು ಬರುವವರೆಗೆ ಕಾಯಿಸುತ್ತಾರೆ. ಲಯನ್ ಕಿಂಗ್‌ನಲ್ಲಿ ಹಾಗೆ ಕಾದವರಿಗೆ ಹಾದಿಯಂಚಿನ ಸೀಟಿಗೆ ಕೊಟ್ಟ ಹಣವೆಲ್ಲ ವ್ಯರ್ಥ. ಪಾತ್ರವರ್ಗದ ವಿವರಗಳಿರುವ ಪುಸ್ತಿಕೆಯನ್ನು ನ್ಯೂಯಾರ್ಕಿನಂತೆ ಉಚಿತವಾಗಿ ಹಂಚುವುದಿಲ್ಲ, ಕೊಂಡುಕೊಳ್ಳಬೇಕು. ಹಾಡುಗಳ ಪಟ್ಟಿ ಬೇಕಿದ್ದರೆ ಮನೆಯಿಂದ ಬರೆದುಕೊಂಡು ಹೋಗಬಹುದು.

ಲಂಡನ್ನಿಗೆ ಹೋಗುವ ಅವಕಾಶವಿಲ್ಲದವರು ಮುಂಬೈ ಕಡೆಗೆ ಕಣ್ಣಿಟ್ಟಿರಬೇಕು. 2023ರಲ್ಲಿ ಆರಂಭವಾದ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರಕ್ಕೆ ಅದೇ ವರ್ಷ ಸೌಂಡ್ ಆಫ್ ಮ್ಯೂಸಿಕ್ ಹಾಗೂ ವೆಸ್ಟ್ ಸೈಡ್ ಸ್ಟೋರಿ, 2025ರಲ್ಲಿ ಫ್ಯಾಂಟಮ್ ಪ್ರವಾಸ ಬಂದಿದ್ದವು. ಅದು ಹೊಸ ಕಟ್ಟಡವಾದ್ದರಿಂದ ಕಂಬಗಳ ಕಾಟವಿಲ್ಲ. ಮನೆಯಲ್ಲೇ ನೋಡುವುದಾದರೆ, ಫ್ಯಾಂಟಮ್‌ನ 2011ರ ಆಲ್ಬರ್ಟ್ ಹಾಲ್ ಪ್ರದರ್ಶನದ ಮುದ್ರಣವೂ, ಹ್ಯಾಮಿಲ್ಟನ್‌ನ ಮೂಲ ತಂಡದೊಂದಿಗೆ 2016ರಲ್ಲಿ ಚಿತ್ರೀಕರಿಸಿದ ಪ್ರದರ್ಶನವೂ ಇವೆ. ಇಂಗ್ಲಿಷ್ ಅಡಿಬರಹ ಹಾಕಿಕೊಂಡು, ಮೊದಲ ಅಂಕದ ಕೊನೆಗೆ ಹದಿನೈದು ನಿಮಿಷ ನಿಲ್ಲಿಸಿ, ಆಮೇಲೆ ಮುಂದುವರಿಸುವುದು ಒಳ್ಳೆಯದು. ಎರಡೂ ಅಂಕಗಳನ್ನು ಒಂದೇ ಉಸಿರಿಗೆ ನೋಡುವಂತೆ ಈ ನಾಟಕಗಳನ್ನು ಕಟ್ಟಿಲ್ಲ.